ಐದನೆಯ ವಿಭಕ್ತಿಯಿಲ್ಲದ ನಾಡಿನಿಂದ

ನಮ್ಮ ತಂದೆಯವರು ಮಕ್ತಲದ ಮನೆಯ ಪಡಸಾಲೆಯಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದ ಕಾಲದಲ್ಲಿ, ಹೊಸದಾಗಿ ಬಂದ ವಿದ್ಯಾರ್ಥಿಯ ಊರು, ಮನೆತನಗಳನ್ನು ಮೊದಲ ದಿನ ಕೇಳುತ್ತಿರಲಿಲ್ಲ. "ಶಬ್ದರೂಪ ಎಲ್ಲೀತನಕ ಬಂದದ?" ಎಂದಷ್ಟೇ ಕೇಳುತ್ತಿದ್ದರು. ಉಳಿದದ್ದು ಊಟಕ್ಕೆ ಎಲೆ ಹಾಕುವ ಹೊತ್ತಿಗೆ ತಾನಾಗಿ ತಿಳಿಯುತ್ತದೆ ಎಂಬುದು ಅವರ ಕ್ರಮ. ಗಂಡುಮಕ್ಕಳಿಲ್ಲದ ಅವರು ನನ್ನನ್ನೂ ನನ್ನ ತಂಗಿಯನ್ನೂ ಉಳಿದ ವಿದ್ಯಾರ್ಥಿಗಳ ಸಾಲಿನಲ್ಲಿಯೇ ಕೂಡಿಸಿದರು. ಅದಕ್ಕಾಗಿ ಊರಿನವರು ಆಡಿಕೊಂಡದ್ದು ಅವರ ಕಿವಿಯವರೆಗೆ ಹೋಯಿತೋ ಇಲ್ಲವೋ, ಪಾಠವಂತೂ ಒಂದು ದಿನವೂ ನಿಲ್ಲಲಿಲ್ಲ. ತಂಗಿ ಸ್ತೋತ್ರಗಳಲ್ಲಿ ನೆಲೆನಿಂತಳು. ನಾನು ವ್ಯಾಕರಣದ ಕಡೆಗೆ ಹೋದೆ, ಕಾವ್ಯಗಳನ್ನೂ ಓದಿದೆ.

ನನಗೀಗ ಎಪ್ಪತ್ತೊಂದು ವರ್ಷ. ಈಗ ತೆಲುಗು ರಾಜ್ಯದಲ್ಲಿರುವ ನಾರಾಯಣಪೇಟೆಯಲ್ಲಿ ನೇಕಾರರ ಓಣಿಗೆ ಬೆನ್ನು ಹಚ್ಚಿಕೊಂಡಿರುವ, ನನ್ನ ಯಜಮಾನರು ಬಿಟ್ಟುಹೋದ ಮನೆಯಲ್ಲಿ ನಾನೂ ತಂಗಿಯೂ ಇದ್ದೇವೆ. ಅಡಿಗೆಮನೆ ಅವಳ ಅಧೀನ, ಪಡಸಾಲೆ ನನ್ನದು. ಬೆಳಗಿನ ಪೂಜೆ, ಪಾರಾಯಣಗಳು ಮುಗಿದ ಮೇಲೆ ಯಾರಾದರೂ ಬಂದರೆ ಪಾಠ; ಬಾರದಿದ್ದರೆ ನನ್ನ ಪಾಡಿಗೆ ನನ್ನ ಓದು. ಈ ಪಡಸಾಲೆಗೆ ಹೋದ ವರ್ಷ ಜ್ಯೇಷ್ಠ ಮಾಸದಲ್ಲಿ ಬಂದ ಒಬ್ಬ ವಿದ್ಯಾರ್ಥಿನಿಯ ವಿಷಯವನ್ನು ಬರೆಯುತ್ತಿದ್ದೇನೆ. ಅವಳ ವಿಷಯದಲ್ಲಿ ನಾನು ನಡೆದುಕೊಂಡದ್ದು ತಪ್ಪೆಂದು ಗದ್ವಾಲದ ನಮ್ಮ ಬಂಧುಗಳು ಇಂದಿಗೂ ಹೇಳುತ್ತಾರೆ. ಈ ಬರಹ ಅವರಿಗೆ ಕೊಡುವ ಸಮಜಾಯಿಷಿಯಲ್ಲ.

ಅವಳು ಲಿಥುವೇನಿಯಾ ಎಂಬ ದೇಶದವಳು. ನಾನು ನಕಾಶೆಯ ಮೇಲೆ ಬೆರಳಿಟ್ಟು ಹುಡುಕಬೇಕಾದ, ಉತ್ತರದ ಒಂದು ಸಣ್ಣ ದೇಶ. ವಯಸ್ಸು ಇಪ್ಪತ್ತಮೂರು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ ಓದುತ್ತಿದ್ದವಳು. ಇಲ್ಲಿಗೆ ಬಂದು ಒಂದು ವರ್ಷ ಹಳೆಯ ಪದ್ಧತಿಯಲ್ಲಿ ಪಾಠ ಹೇಳಿಸಿಕೊಂಡರೆ ಅದನ್ನೂ ಅವಳ ಓದಿನ ವರ್ಷವೆಂದು ಅಲ್ಲಿಯವರು ಒಪ್ಪುತ್ತಾರೆ. ನಡುವೆ ಎದ್ದು ಹೋದರೆ ಅಷ್ಟೂ ವ್ಯರ್ಥ. ಅವಳ ಅಧ್ಯಾಪಕರಿಗೆ ನನ್ನ ಹಳೆಯ ಶಿಷ್ಯರೊಬ್ಬರ ಪರಿಚಯವಿತ್ತು. ಹಾಗೆ ಪತ್ರ ಬಂತು, ನಾನು ಒಪ್ಪಿದೆ. ಪಾಠ ಕನ್ನಡದಲ್ಲಿ ನಡೆಯುತ್ತದೆ ಎಂದು ನಾನು ಬರೆದದ್ದಕ್ಕೆ, ಆರು ತಿಂಗಳು ನಿಘಂಟು ಹಿಡಿದುಕೊಂಡು ಕೂತು ಕನ್ನಡ ಕಲಿತೇ ಮಹಬೂಬನಗರದ ಬಸ್ಸಿನಿಂದ ಇಳಿದಳು.

ಬಾಗಿಲಲ್ಲಿ ನಿಂತವಳನ್ನು ನಾನು ಕೇಳಿದ್ದು ತಂದೆಯವರು ಕೇಳುತ್ತಿದ್ದುದನ್ನೇ. ಅವಳು ಚೀಲ ಇಳಿಸದೆ, ನಿಂತಲ್ಲಿಯೇ, "ಹಲಂತದವರೆಗೆ ಬಂದಿದೆ ರೀ" ಎಂದಳು. ವ್ಯಂಜನದಲ್ಲಿ ಮುಗಿಯುವ ಶಬ್ದಗಳವರೆಗೆ ಎಂದರ್ಥ.

ತಂಗಿ ಅಡಿಗೆಮನೆಯ ಹೊಸ್ತಿಲ ಒಳಗಿನಿಂದಲೇ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಅಕ್ಕಾ, ನಿನ್ನ ಪಾಠ ನಿನ್ನ ಪಡಸಾಲ್ಯಾಗ. ಈ ಹೊಸ್ತಿಲ ನನ್ನದು. ಇದನ್ನ ದಾಟಿದ್ರ ನಾ ಮಕ್ತಲದ ಬಸ್ ಹತ್ತತೀನಿ."

"ಮಕ್ತಲದಾಗ ಯಾರದಾರ ನಿನಗ?"

"ಆಂಜನೇಯ ಇದ್ದಾನ," ಎಂದು ಅವಳು ಒಳಗೆ ಹೋದಳು.

ಆ ಹೊಸ್ತಿಲಿನ ವಿಷಯದಲ್ಲಿ ನಾನು ತಂಗಿಯೊಡನೆ ವಾದಿಸಲಿಲ್ಲ. ಮಡಿಯನ್ನು ಬಿಟ್ಟವಳು ನಾನಲ್ಲ. ಬಿಡುವ ಮನಸ್ಸೂ ನನಗಿಲ್ಲ. ದೇವರ ಅಡಿಗೆಯ ನಿಯಮ ದೇವರದು. ಆದರೆ ಕಲಿಯಲು ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸುವ ನಿಯಮವನ್ನು ನಾನು ಯಾವ ಶಾಸ್ತ್ರದಲ್ಲಿಯೂ ಓದಿಲ್ಲ, ಓದಿದ್ದರೂ ನಮ್ಮ ತಂದೆಯವರು ಅದನ್ನು ಪಾಲಿಸಿದ್ದನ್ನು ನೋಡಿಲ್ಲ. ಪಡಸಾಲೆಗೆ ಹೊಂದಿದ ಕೋಣೆಯನ್ನು ಅವಳಿಗೆ ಕೊಟ್ಟೆ. ಊಟಕ್ಕೆ ಪಡಸಾಲೆಯಲ್ಲಿ ಎಲೆ, ಕುಡಿಯಲು ಅವಳದೇ ಒಂದು ತಂಬಿಗೆ. ಇಷ್ಟಕ್ಕೇ ಗದ್ವಾಲದಿಂದ ಫೋನು ಬಂತು.

ಫೋನು ಮಾಡಿದವನು ನಮ್ಮ ದೊಡ್ಡಪ್ಪನ ಮಗ, ನನಗಿಂತ ಆರು ವರ್ಷ ಹಿರಿಯ ಅಣ್ಣ. ಅಲ್ಲಿ ನಮ್ಮವರು ನಡೆಸುವ ಗುರುಗಳ ಆರಾಧನೆಯ ವ್ಯವಸ್ಥೆಯೆಲ್ಲ ಅವನದೇ. ಆರಾಧನೆಯ ಹೋಳಿಗೆಗೆ ಹೂರಣ ಅರೆಯುವ ಸೇವೆ ಮೂವತ್ತು ವರ್ಷಗಳಿಂದ ನಮ್ಮಿಬ್ಬರದು.

"ಏನವಾ, ಬ್ಯಾರೆ ದೇಶದ ಹುಡುಗಿನ್ನ ಮನ್ಯಾಗ ಇಟ್ಕೊಂಡೀಯಂತ?"

"ಪಡಸಾಲ್ಯಾಗ ಇಟ್ಕೊಂಡೀನಿ ಅಣ್ಣಾ. ಅಡಿಗಿಮನ್ಯಾಗ ನಿನ್ನ ಸಣ್ಣ ತಂಗಿ ನನಗೇ ಬಿಡೂದಿಲ್ಲ, ಆಕೀಗೆಲ್ಲಿ ಬಿಡ್ತಾಳ."

"ಚಾಷ್ಟಿ ಸಾಕು. ನಾಕು ಮಂದಿ ಏನಂತಾರ?"

"ನಾಕು ಮಂದಿಗೂ ಶಬ್ದರೂಪ ಬರ್ತದೇನು ಕೇಳು. ಬರದಿದ್ರ ನಾಳಿಂದ ಅವ್ರನ್ನೂ ಕಳಿಸು."

ಅವನು ಫೋನು ಇಟ್ಟ.

ಹೊಸ ಊರಿಗೆ ಹೊಂದಿಕೊಳ್ಳುವ ಕಷ್ಟವನ್ನು ಅವಳು ಬಾಯಿಬಿಟ್ಟು ಹೇಳಿದವಳಲ್ಲ. ಮೊದಲ ವಾರ ಮಗ್ಗಗಳ ಸದ್ದಿಗೆ ಬೆಚ್ಚಿ ಎಚ್ಚರಗೊಳ್ಳುತ್ತಿದ್ದಳು; ಎರಡನೆಯ ವಾರ ಸದ್ದು ನಿಂತರೆ ಎಚ್ಚರವಾಗುತ್ತದೆ ಎಂದಳು. ಕಿರಾಣಿ ಅಂಗಡಿಯವನೊಡನೆ ತೆಲುಗು, ಬಳೆಗಾರನೊಡನೆ ಉರ್ದು, ನನ್ನೊಡನೆ ಗ್ರಂಥದ ಕನ್ನಡ. ಬೆಂಡೆಕಾಯಿಗೆ ಮೂರು ಹೆಸರು ಬರೆದಿಟ್ಟುಕೊಂಡಿದ್ದಳು. ಹಂಡೆಯ ನೀರು ಕಾಯಿಸಲು ಕಲಿತಳು. ಚಕ್ಕಂಬಕ್ಕಳ ಹಾಕಿ ಕೂತು ಕಾಲು ಜೋಮು ಹಿಡಿದರೂ ಪಾಠ ಮುಗಿಯುವವರೆಗೆ ಏಳುತ್ತಿರಲಿಲ್ಲ.

ಪಾಠದಲ್ಲಿ ಅವಳು ನನ್ನನ್ನು ಬೆರಗುಗೊಳಿಸಿದಳು. ಅವರ ಮನೆಮಾತಿನಲ್ಲಿ ಮಗನಿಗೆ ಸೂನುಸ್ ಎನ್ನುತ್ತಾರೆ, ಬೆಂಕಿಗೆ ಉಗ್ನಿಸ್, ಕುರಿಗೆ ಅವಿಸ್. ನಾನು ಪುಸ್ತಕದಲ್ಲಿ ಮಾತ್ರ ಕಂಡ ಸೂನು, ಅಗ್ನಿ, ಅವಿ ಶಬ್ದಗಳನ್ನು ಇವಳ ಅಜ್ಜಿ ಒಲೆ ಹೊತ್ತಿಸುವಾಗ, ಕುರಿ ಕಟ್ಟುವಾಗ ಆಡುತ್ತಿದ್ದಾಳೆ. ಇಂಥವಳನ್ನು ಹೊರಗಿನವಳು ಎನ್ನುವ ಅಣ್ಣನಿಗೆ ಮನೆಯಲ್ಲಿ ಮಗನನ್ನು ಸೂನು ಎಂದು ಕರೆದು ಗೊತ್ತಿಲ್ಲ. ವಿಭಕ್ತಿಗಳೂ ಅವರಲ್ಲಿ ಇವೆ, ಒಂದನ್ನು ಬಿಟ್ಟು. ಐದನೆಯದು, ಪಂಚಮೀ, ಅವರಲ್ಲಿಲ್ಲ.

ವ್ಯಾಕರಣ ಬಾರದವರಿಗಾಗಿ ಇಷ್ಟು ಹೇಳುತ್ತೇನೆ. ಕನ್ನಡದಲ್ಲಿ 'ಊರಿನಿಂದ' ಎನ್ನುವಾಗಿನ 'ಇಂದ' ಇದೆಯಲ್ಲ, ಶಾಲೆಯಲ್ಲಿ 'ದೆಸೆಯಿಂದ' ಎಂದು ಕಲಿಸುವುದು, ಅದು ಪಂಚಮಿ. ಯಾವುದನ್ನು ಬಿಟ್ಟು ಹೊರಡುತ್ತೇವೆಯೋ ಅದಕ್ಕೆ ಹಚ್ಚುವ ವಿಭಕ್ತಿ. ಸಂಸ್ಕೃತದಲ್ಲಿ ಯಾರಿಂದ ವಿದ್ಯೆ ಕಲಿಯುತ್ತೇವೆಯೋ ಆ ಗುರುವಿಗೂ ಅದೇ. ಯಾವುದಕ್ಕೆ ಹೆದರುತ್ತೇವೆಯೋ ಅದಕ್ಕೂ ಅದೇ. ಅವರ ಭಾಷೆಯಲ್ಲಿ ಐದನೆಯದರ ಕೆಲಸವನ್ನು ಆರನೆಯದು, 'ಊರಿನ', 'ಮನೆಯ' ಎನ್ನುವಾಗಿನ ಷಷ್ಠಿ, ಮಾಡುತ್ತದೆಯಂತೆ. ಹೀಗಾಗಿ ಇವಳು 'ಗ್ರಾಮಾತ್ ಆಗಚ್ಛಾಮಿ', ಹಳ್ಳಿಯಿಂದ ಬರುತ್ತೇನೆ, ಎನ್ನಬೇಕಾದಲ್ಲಿ 'ಗ್ರಾಮಸ್ಯ ಆಗಚ್ಛಾಮಿ', ಹಳ್ಳಿಯ ಬರುತ್ತೇನೆ, ಎನ್ನುತ್ತಿದ್ದಳು. ಎಷ್ಟು ಸಲ ತಿದ್ದಿದರೂ ನಾಲಿಗೆ ಆರಕ್ಕೇ ಹೊರಳುತ್ತಿತ್ತು.

"ಊರಿನಿಂದ ಬಂದೀಯೋ, ಊರಿನ ಬಂದೀಯೋ?" ಎಂದು ನಾನು ಕೇಳಿದರೆ, "ಎರಡೂ, ಅಜ್ಜಿ," ಎಂದು ನಗುತ್ತಿದ್ದಳು.

ಆಷಾಢದ ಪ್ರಥಮೈಕಾದಶಿ ಬಂತು. ನಮ್ಮಲ್ಲಿ ಅಂದು ಒಲೆ ಹಚ್ಚುವುದಿಲ್ಲ. ಅವಳಿಗೆ ಬೇರೆ ವ್ಯವಸ್ಥೆ ಮಾಡುತ್ತೇನೆಂದರೂ ಕೇಳದೆ ತಾನೂ ಉಪವಾಸವೆಂದಳು. ಬೆಳಿಗ್ಗೆ ಕೊಡ ತೆಗೆದುಕೊಂಡು ಓಣಿಯ ನಳಕ್ಕೆ ಹೋದಳು. ಅಲ್ಲಿ ನಡೆದ ಮಾತನ್ನು ಆಮೇಲೆ ನಾನು ಇಬ್ಬರಿಂದಲೂ ಕೇಳಿದ್ದೇನೆ.

ನಮ್ಮ ಹಿತ್ತಲಿಗೆ ಹೊಂದಿಕೊಂಡ ಮನೆಯ ನೇಕಾರಗಿತ್ತಿ, ಲಿಂಗವಂತರ ಹೆಣ್ಣುಮಗಳು, ಕೇಳಿದಳು: "ಯಾರವ್ವಾ ನೀ? ಎಲ್ಲಿಯಾಕಿ?"

ಇವಳು ನಿಘಂಟಿನಲ್ಲಿ ಕಲಿತ ಶಬ್ದವನ್ನು ಹೊರಗೆ ತೆಗೆದಳು. "ನಾನು ಪರದೇಶಿ ಇದ್ದೇನೆ ರೀ."

ನಮ್ಮ ಸೀಮೆಯಲ್ಲಿ ಪರದೇಶಿ ಎಂದರೆ ಹೊರದೇಶದವರಲ್ಲ. ತಂದೆತಾಯಿ, ಹಿಂದುಮುಂದು ಯಾರೂ ಇಲ್ಲದವರು. ನಳದ ಸುತ್ತಲಿನ ಕೊಡಗಳೆಲ್ಲ ನಿಂತವು.

"ಅಯ್ಯ ಶಿವನ. ಯಾರೂ ಇಲ್ಲೇನವ್ವಾ ನಿನಗ?"

"ಇಲ್ಲಿ ಯಾರೂ ಇಲ್ಲ ರೀ."

"ಉಂಡೀಯೇನಾರ?"

"ಇವತ್ತು ಮನೆಯಲ್ಲಿ ಊಟ ಇಲ್ಲ ರೀ. ಅಜ್ಜಿಯವರು ಒಲೆ ಹಚ್ಚುವುದಿಲ್ಲ."

ಅರ್ಧ ತಾಸಿನೊಳಗೆ ನೇಕಾರಗಿತ್ತಿ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ.

"ಬಾಯಾರ, ನಿಮ್ಮ ಏಕಾದಶಿ ನಿಮಗಿರ್ಲಿ. ಪರದೇಶಿ ಕೂಸಿನ್ನ ಯಾಕ ಉಪಾಸ ಕೆಡವ್ತೀರಿ?"

ಓಣಿಗೆಲ್ಲ 'ಬಾಯಾರು' ಆದ ನಾನು ಪುಸ್ತಕದಿಂದ ತಲೆಯೆತ್ತಿದೆ. ಪರ ದೇಶ ಯಾರದೋ ಅವರು ಪರದೇಶಿ. ಶಬ್ದದ ವ್ಯುತ್ಪತ್ತಿ ನೇರವಾಗಿದೆ. "ಪರದೇಶಿ ಖರೆ ಐತವ್ವಾ," ಎಂದೆ. "ಆದರ ಉಪಾಸ ಆಕೀನ ತಾನಾಗಿ ಹಿಡದಾಳ."

ಎಪ್ಪತ್ತು ವರ್ಷ ಈ ಸೀಮೆಯ ನೀರು ಕುಡಿದ ನಾನು, ಓಣಿಯ ಕನ್ನಡವನ್ನು ಮರೆತು ಗ್ರಂಥದ ಅರ್ಥವನ್ನು ಹಿಡಿದೆ. ಆ ತಪ್ಪು ಹುಡುಗಿಯದಲ್ಲ, ನೇಕಾರಗಿತ್ತಿಯದೂ ಅಲ್ಲ. ನನ್ನದು.

ಅಂದಿನಿಂದ ಓಣಿಯೇ ಅವಳನ್ನು ಸಾಕತೊಡಗಿತು. ಒಬ್ಬಳು ತಲೆಗೆ ಎಣ್ಣೆ ಹಚ್ಚಿದಳು. ಇನ್ನೊಬ್ಬಳು ಮಗ್ಗದ ಮುಂದೆ ಕೂಡಿಸಿ ಲಾಳಿ ಎಸೆಯಲು ಕಲಿಸಿದಳು. ನೇಕಾರಗಿತ್ತಿ ತಮ್ಮ ಮನೆಯಲ್ಲೇ ನೇಯ್ದ ಚೌಕಡಿ ಸೀರೆಯೊಂದನ್ನು ಉಡಿಸಿ ಕಳಿಸಿದಳು. ಒಳ್ಳೆಯ ಜನ, ಅತಿಥಿಯನ್ನು ಆದರಿಸುತ್ತಿದ್ದಾರೆಂದು ನಾನು ದೇವರಿಗೆ ಕೈಮುಗಿದೆ.

ಶ್ರಾವಣದ ಮೊದಲ ಶನಿವಾರ ನಾನು ಆಂಜನೇಯನ ದರ್ಶನಕ್ಕೆಂದು ಮಕ್ತಲಕ್ಕೆ ಹೋಗಿದ್ದೆ, ಹುಡುಗಿಯನ್ನೂ ಕರೆದುಕೊಂಡು. ಹೊರದೇಶದವರು ಯಾರ ಮನೆಯಲ್ಲಿದ್ದಾರೆ ಎಂಬುದನ್ನು ಪೊಲೀಸರಲ್ಲಿ ಬರೆಯಿಸಬೇಕು, ಬರೆಯಿಸಿದ್ದೆವು. ಅದರ ವಿಚಾರಣೆಗೆ ಅಂದೇ ಒಬ್ಬ ಕಾನ್‌ಸ್ಟೇಬಲ್ ಬಂದ. ತೆಲುಗಿನವನು, ಈ ಊರಿಗೆ ಹೊಸಬ. ತಂಗಿ ಮಡಿಯುಟ್ಟು ನೈವೇದ್ಯಕ್ಕೆ ಅಡಿಗೆ ಇಟ್ಟಿದ್ದಳು. ಬಾಗಿಲು ಬಡಿದರೆ ಒಳಗಿನಿಂದಲೇ ಕೂಗಿ ಹೇಳಿದಳಂತೆ: "ಮಡ್ಯಾಗ ಇದ್ದೀನಿ. ಏನಿದ್ರೂ ಓಣ್ಯಾಗ ಕೇಳ್ರಿ."

ಅವನು ಓಣಿಯಲ್ಲಿ ಕೇಳಿದ. ಓಣಿ ಒಂದೇ ಬಾಯಿಯಿಂದ ಹೇಳಿತು: ಪಾಪ, ಪರದೇಶಿ, ಹಡೆದವರಿಲ್ಲ, ಯಾರೂ ಇಲ್ಲ, ಬಾಯಾರೇ ತಮ್ಮ ಬಾಯಿಂದ ಹೌದೆಂದಿದ್ದಾರೆ. ಅವನು ಹಾಗೇ ಬರೆದುಕೊಂಡ. ಹುಡುಗಿಯ ವೀಸಾದ ಕಾಗದಗಳಲ್ಲಿ ತಂದೆ ತಾಯಿ ಇಬ್ಬರ ಹೆಸರುಗಳೂ ಇವೆ, ಇಬ್ಬರೂ ಬದುಕಿದ್ದಾರೆಂದೂ ಇದೆ.

ಹತ್ತು ದಿನಗಳ ಮೇಲೆ ಕಾಗದ ಬಂತು. ಕೊಟ್ಟ ಮಾಹಿತಿಗೂ, ತಂದೆತಾಯಿ ಬದುಕಿಲ್ಲವೆಂದು ವಿಚಾರಣೆಯಲ್ಲಿ ತಿಳಿದದ್ದಕ್ಕೂ ತಾಳೆಯಿಲ್ಲ. ಒಂದು ವಾರದೊಳಗೆ ಬಂದು ಸಮಾಧಾನಕರ ಉತ್ತರ ಕೊಡಬೇಕು, ಇಲ್ಲದಿದ್ದರೆ ಈ ವಿಳಾಸದಲ್ಲಿ ಇರಲು ಒಪ್ಪಿಗೆಯಿಲ್ಲ. ಹುಡುಗಿ ಅದನ್ನು ಎರಡು ಸಲ ಓದಿದಳು.

"ಅಜ್ಜಿ, ನನ್ನ ತಾಯಿ ಸತ್ತಿದ್ದಾಳೆ ಎಂದು ಯಾರು ಹೇಳಿದರು?"

ಆಗ ನೇಕಾರಗಿತ್ತಿಯನ್ನು ಕರೆಸಿದೆ. ಪರದೇಶಿ ಎಂಬ ಶಬ್ದದ ಗಂಟು ಬಿಚ್ಚಿಕೊಂಡಿತು. ಅವಳು ಮೊದಲು ನಂಬಲಿಲ್ಲ. ಹುಡುಗಿ ಫೋನಿನಲ್ಲಿ ತನ್ನ ತಾಯಿಯ ಮುಖವನ್ನೇ ತೋರಿಸಿದಳು. ಆ ಮುಖ ನಗುತ್ತ, ತಮ್ಮ ಭಾಷೆಯಲ್ಲಿ ಏನೋ ಹೇಳಿ, ಕೈಬೀಸಿತು.

ನೇಕಾರಗಿತ್ತಿ ಫೋನನ್ನು ದಿಟ್ಟಿಸಿ ನೋಡಿದಳು. "ಹಡದವ್ವ ಗುಂಡುಕಲ್ಲಿನಂಗ ಕುಂತಾಳ. ನಾ ಒಂದು ತಿಂಗಳಾತು ತಾಯಿ ಇಲ್ಲದ ಕೂಸು ಅಂತ ಕಣ್ಣೀರು ಹಾಕಾಕ ಹತ್ತೀನಿ." ಆಮೇಲೆ ಫೋನಿನ ಕಡೆಗೇ ತಿರುಗಿ, "ಏನವ್ವಾ, ಹರೇದ ಮಗಳನ್ನ ಇಷ್ಟು ದೂರ ಒಬ್ಬಾಕಿನ್ನ ಕಳಿಸೀಯಲ್ಲ, ಹೊಟ್ಟ್ಯಾಗ ಏನೂ ಆಗೂದಿಲ್ಲೇನು ನಿನಗ?" ಎಂದಳು. ಆ ತಾಯಿ ತಲೆಯಾಡಿಸಿ ಮತ್ತೂ ನಕ್ಕಳು.

"ಸೀರಿ ತಿರುಗಿ ಕೊಡಲಿ ಏನು?" ಎಂದು ಹುಡುಗಿ ಹೆದರಿ ಕೇಳಿದಳು. ಅಷ್ಟರಲ್ಲಿ ಅವಳ ನಾಲಿಗೆಗೆ ಓಣಿಯ ಕನ್ನಡ ಸ್ವಲ್ಪ ಬಂದಿತ್ತು.

"ಉಟಗಾ ಸುಮ್ಮ," ಎಂದಳು ನೇಕಾರಗಿತ್ತಿ.

ಸುದ್ದಿ ಗದ್ವಾಲಕ್ಕೆ ಮುಟ್ಟಿ, ಅಣ್ಣ ಮರುದಿನವೇ ಬಂದ. ಪಡಸಾಲೆಯಲ್ಲಿ ಕೂಡದೆ, ಹುಡುಗಿ ಅಲ್ಲಿದ್ದಾಳೆಂದು, ದೇವರ ಮನೆಯ ಮುಂದೆ ಚಾಪೆ ಹಾಕಿಸಿಕೊಂಡು ಕೂತ. ಮಾತು ಮೆತ್ತಗಿತ್ತು, ಅದೇ ನನಗೆ ಹಿಡಿಸಲಿಲ್ಲ.

"ನೋಡವಾ, ದೇವರೇ ದಾರಿ ತೋರಿಸ್ಯಾನ. ನೀ ಕಳಿಸಬ್ಯಾಡ. ಸರಕಾರ ಕಳಸ್ತದ. ನಿನ್ನ ಮಾತೂ ಉಳೀತು, ನಮ್ಮ ಮನೆತನಾನೂ ಉಳೀತು. ಸುಮ್ಮ ಕೂಡು."

"ಆಕೀ ವರ್ಷ ಹಾಳಾಗ್ತದ ಅಣ್ಣಾ."

"ಆಕೀಗೆ ಇನ್ನೂ ಭಾಳ ವರ್ಷ ಅವ. ನಿನಗೆಷ್ಟು ಅವ?"

"ಅದಕ್ಕ ಹೇಳ್ತೀನಿ. ನನಗ ಉಳಿದದ್ದು ಕಮ್ಮಿ. ಅದರಾಗ ಒಂದು ಪಾಠ ಅರ್ಧಕ್ಕ ಬಿಡಾಕ ನಾ ತಯಾರಿಲ್ಲ."

ಅವನು ಎದ್ದು ಉತ್ತರೀಯ ಸರಿಪಡಿಸಿಕೊಂಡ. "ಹಂಗಾದ್ರ ಕೇಳು. ನೀ ಆ ದಫ್ತರದ ಮೆಟ್ಟಲ ಹತ್ತಿದಿ ಅಂದ್ರ, ಈ ವರ್ಷ ಹೂರಣಕ್ಕ ನೀವಿಬ್ರೂ ಬರೂದು ಬ್ಯಾಡ."

ಮೂವತ್ತು ವರ್ಷದ ಸೇವೆ. ಕಡಲೆಬೇಳೆ ತೊಳೆಯುವಾಗ ಹೇಳುವ ಸ್ತೋತ್ರ ಯಾವುದು, ಅರೆಯುವಾಗ ಹೇಳುವುದು ಯಾವುದು ಎಂದು ನಮ್ಮ ಕೈಗಳಿಗೇ ಗೊತ್ತು. ಗುರುಗಳ ಸೇವೆ ತಪ್ಪುತ್ತದೆ ಎಂದಾಗ ನಾನು ಹೆದರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ಹೆದರಿಕೆಯ ಜೊತೆಗೇ ಇನ್ನೊಂದು ಹೊಳೆಯಿತು. ಹೆದರಿಕೆಗೂ ಐದನೆಯ ವಿಭಕ್ತಿಯೇ ಎಂದೆನಲ್ಲ. ಗುರುವನ್ನು ಕೂಡಿಸುವ ಆ ಸ್ಥಾನದಲ್ಲಿ ಅಣ್ಣನನ್ನು ಕೂಡಿಸಲು ನಾನು ಸಿದ್ಧಳಿರಲಿಲ್ಲ.

"ಸೇವಾ ಗುರುಗಳದು," ಎಂದೆ. "ತಗೊಳ್ಳೂದು ಬಿಡೂದು ಅವರಿಗೆ ಬಿಟ್ಟದ್ದು. ನೀ ಊಟ ಮಾಡಿ ಹೋಗು."

ಅವನು ಊಟ ಮಾಡದೆ ಹೋದ.

ಮರುದಿನ ನಾನು ಕಚೇರಿಗೆ ಹೊರಟಾಗ, ತಂಗಿ ಅಡಿಗೆಮನೆಯ ಕದ ಮುಂದೆ ಮಾಡಿ, ಚಪ್ಪಲಿ ಮೆಟ್ಟಿ ಬಂದು ನಿಂತಳು. ಹಗಲು ಹೊತ್ತಿನಲ್ಲಿ ಅವಳು ಆ ಕದ ಮುಂದೆ ಮಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ನೀ ಯಾಕ?"

"ಓಣ್ಯಾಗ ಕೇಳ್ರಿ ಅಂದಾಕಿ ನಾನಲ್ಲ? ಬಂದು ಸ್ನಾನ ಮಾಡ್ತೀನಿ, ನಡಿ." ಹುಡುಗಿಯ ಕಡೆ ನೋಡದೆ, ಅವಳಿಗೆ ಕೇಳುವಂತೆ, "ತಲಿ ಬಾಚ್ಕೊಂಡು ಬಾ ಅನ್ನು ಆಕೀಗೆ. ಸಾಹೇಬ್ರ ಮುಂದ ಹಿಂಗ ಬರಬಾರದು," ಎಂದಳು.

ನೇಕಾರಗಿತ್ತಿಯೂ ಅವಳ ಹಿಂದೆ ಓಣಿಯ ಇನ್ನಿಬ್ಬರೂ ಸೇರಿ ನಾವು ಆರು ಜನ ಹೆಂಗಸರು ಆ ಕಚೇರಿಯ ಬೆಂಚು ತುಂಬಿದೆವು. ಜಿಲ್ಲೆಯಾದ ಮೇಲೆ ಇಂಥ ಕಚೇರಿಗಳು ನಮ್ಮೂರಿಗೆ ಬಂದಿವೆ. ನಾನು ಒಳಗೆ ಕಾಲಿಟ್ಟದ್ದು ಅಂದೇ ಮೊದಲು. ಅಧಿಕಾರಿಗಳು ಸೌಮ್ಯ ಮನುಷ್ಯರು, ಮಾತು ತೆಲುಗು, ಕನ್ನಡ ತಿಳಿಯುತ್ತಿತ್ತು. ಕಾನ್‌ಸ್ಟೇಬಲ್ ಪಕ್ಕದಲ್ಲಿ ನಿಂತಿದ್ದ. ನಾನು ಶಬ್ದದ ಎರಡು ಅರ್ಥಗಳನ್ನು ವಿವರಿಸಲು ತೊಡಗಿ, ವ್ಯುತ್ಪತ್ತಿಗೆ ಬಂದಾಗ ನೇಕಾರಗಿತ್ತಿ ನನ್ನ ತೋಳು ಹಿಡಿದು ಕೂಡಿಸಿದಳು.

"ಸಾಹೇಬ್ರ, ಬಾಯಾರದು ಮುಗಿಯೂದಿಲ್ಲ. ನಾ ಹೇಳ್ತೀನಿ. ಈ ಕೂಸು ಪರದೇಶಿ ಅಂದದ್ದು ಬ್ಯಾರೆ ದೇಶದಾಕಿ ಅಂತ. ನಾವು ತಿಳಕೊಂಡದ್ದು ಯಾರೂ ಇಲ್ಲದಾಕಿ ಅಂತ. ಈಕೀಗೆ ತಾಯಿ ಅದಾಳ್ರಿ, ನಾ ಬೈದೀನಿ ಆಕೀಗೆ."

ಅಧಿಕಾರಿಗಳಿಗೆ ನಗು ತಡೆಯಲಾಗಲಿಲ್ಲ. ತೆಲುಗಿನಲ್ಲಿಯೂ ಆ ಶಬ್ದ ಹಾಗೆಯೇ ಎರಡು ಕಡೆ ಸಲ್ಲುತ್ತದೆ ಎಂದರು. ತಂಗಿ ತಾನು ಮಡಿಯಲ್ಲಿದ್ದ ಕಾರಣವನ್ನು, ಕೇಳದಿದ್ದರೂ, ಅಂದಿನ ನೈವೇದ್ಯದ ಪದಾರ್ಥಗಳ ಸಮೇತ ಹೇಳಿದಳು. ಎಲ್ಲರ ಹೇಳಿಕೆ ಬರೆದುಕೊಂಡು ದಸ್ಕತ್ತು ಹಾಕಿಸಿದರು.

ಕೆಲಸ ಮುಗಿಯಿತೆಂದುಕೊಂಡೆ. ಕಂಪ್ಯೂಟರಿನ ಮುಂದಿದ್ದ ಗುಮಾಸ್ತರು ಹೊಸ ಅರ್ಜಿ ತುಂಬುತ್ತ ಒಂದು ಕಡೆ ನಿಂತರು. "ಮನೆಯ ಯಜಮಾನರೊಂದಿಗೆ ಸಂಬಂಧ. ಏನು ಬರೀಲಮ್ಮಾ? ಬಾಡಿಗೆಯವರಾ?"

"ಬಾಡಿಗಿ ಇಲ್ಲ."

"ಅತಿಥಿ ಅಂತ ಹಾಕ್ತೀನಿ."

"ಬ್ಯಾಡ. ಅತಿಥಿ ಅಂದ್ರ ಬಂದು ಹೋಗಾಕಿ."

"ಹೌದು, ಅತಿಥಿ ಅಂದ್ರೆ ಒಂದು ವರ್ಷ ಯಾಕೆ ಇರ್ತಾರೆ ಅಂತ ಮೇಲಿನವರು ಕೇಳ್ತಾರೆ." ಅವರು ತಲೆ ಕೆರೆದುಕೊಂಡರು. "ಮತ್ತೆ ಏನಾಗಬೇಕು ನಿಮಗೆ ಈಕೆ?"

"ಶಿಷ್ಯೆ."

"ಸಂಬಂಧಿಕರ ಪಟ್ಟಿಯಲ್ಲಿ ಶಿಷ್ಯೆ ಇಲ್ಲಮ್ಮಾ."

"ಹಾಗಾದರೆ ನಿಮ್ಮ ಪಟ್ಟಿ ಅಪೂರ್ಣ," ಎಂದೆ. ಧ್ವನಿ ನಾನು ಬಯಸಿದ್ದಕ್ಕಿಂತ ಎತ್ತರವಾಯಿತು, ತಗ್ಗಿಸಲಿಲ್ಲ. "ನನ್ನ ತಂದೆಯವರು ವ್ಯಾಕರಣ ಹೇಳುವಾಗ ವಂಶ ಎರಡು ಬಗೆ ಎಂದು ಕಲಿಸಿದ್ದಾರೆ. ಒಂದು ಹುಟ್ಟಿನಿಂದ, ಇನ್ನೊಂದು ವಿದ್ಯೆಯಿಂದ. ನನಗೆ ಮಕ್ಕಳಿಲ್ಲ, ಹುಟ್ಟಿನ ವಂಶವಿಲ್ಲ. ಇರುವುದು ಇದೊಂದೇ. ಇದನ್ನು ಬಾಡಿಗೆ, ಅತಿಥಿ ಎಂದು ಬರೆದರೆ ನಾನು ದಸ್ಕತ್ತು ಹಾಕುವುದಿಲ್ಲ. ಇಲ್ಲಿಯೇ ಕೂಡುತ್ತೇನೆ."

ಉಳಿದ ಐದು ಜನ ಹೆಂಗಸರೂ, ಯಾರೂ ಹೇಳದೆಯೇ, ಬೆಂಚಿನ ಮೇಲೆ ಇನ್ನಷ್ಟು ಸರಿಯಾಗಿ ಕೂತರು.

ಅಧಿಕಾರಿಗಳು ಪೆನ್ನು ಕೆಳಗಿಟ್ಟು ಹುಡುಗಿಯತ್ತ ನೋಡಿದರು. "ಏನು ಕಲಿತಿದ್ದೀಯಮ್ಮಾ? ಏನಾದರೂ ಹೇಳು, ಕೇಳೋಣ."

ಹುಡುಗಿ ಎದ್ದು ನಿಂತಳು. ಕೈಮುಗಿದು, ಗುರು ಶಬ್ದದ ಏಕವಚನವನ್ನು ಮೊದಲಿನಿಂದ ಹಿಡಿದಳು. ಗುರುಃ, ಗುರುಂ, ಗುರುಣಾ, ಗುರವೇ. ಐದನೆಯದು ಬಂತು. ಇಲ್ಲಿಯೇ ಅವಳ ನಾಲಿಗೆ ಪ್ರತಿ ಸಲ ಆರಕ್ಕೆ ಹೊರಳುವುದು. ಇಷ್ಟು ಜನರ ಮುಂದೆ, ಇದೊಂದು ಸಲ ತಪ್ಪದಿರಲಿ ಎಂದು ಒಳಗೇ ಗುರುಗಳನ್ನು ನೆನೆದೆ.

"ಗುರೋಃ," ಎಂದಳು. ಒಂದು ಕ್ಷಣ ತಡೆದು, "ಗುರೋಃ," ಎಂದು ಆರನೆಯದನ್ನೂ ಹೇಳಿ, ಏಳನೆಯದನ್ನು ಮುಗಿಸಿದಳು.

"ಒಂದನ್ನು ಎರಡು ಸಲ ಹೇಳಿದೆಯಲ್ಲ?" ಎಂದರು ಅಧಿಕಾರಿಗಳು. ಕಿವಿ ಚುರುಕಿದ್ದವರು.

"ಎರಡೂ ಬೇರೆ ರೀ," ಎಂದಳು ಅವಳು. "ಮೊದಲಿನದು ಗುರುವಿನಿಂದ. ಎರಡನೆಯದು ಗುರುವಿನ. ಈ ಶಬ್ದಕ್ಕೆ ರೂಪ ಒಂದೇ ರೀ." ಅದನ್ನು ಆ ಗಾಬರಿಯಲ್ಲಿ ನಾನೇ ಮರೆತಿದ್ದೆ.

ಅಧಿಕಾರಿಗಳು ಗುಮಾಸ್ತರ ಕಡೆ ತಿರುಗಿ ಹೇಳಿದರು. "ಪಟ್ಟಿಯ ಕೊನೆಗೆ 'ಇತರೆ' ಇದೆಯಲ್ಲ, ಅದನ್ನು ಒತ್ತು. ಮುಂದೆ ಖಾಲಿ ಜಾಗ ಬರುತ್ತದೆ. ತೆಲುಗಿನಲ್ಲಿ ಶಿಷ್ಯುರಾಲು ಅಂತ ಬರಿ. ಕಾರಣ ನಾನು ಬರೆಯುತ್ತೇನೆ."

ಮೊಹರು ಬಿದ್ದ ಕಾಗದವನ್ನು ತಂಗಿ ಕೈಗೆ ತೆಗೆದುಕೊಂಡು, ಓದದೆ, ಸೆರಗಿನಲ್ಲಿ ಕಟ್ಟಿಕೊಂಡಳು.

ಗದ್ವಾಲದಿಂದ ಆರಾಧನೆಗೆ ಕರೆ ಬರಲಿಲ್ಲ. ಅಣ್ಣ ಮಾತಿಗೆ ತಪ್ಪುವವನಲ್ಲ. ನಾವು ಮನೆಯಲ್ಲಿಯೇ, ದೇವರ ಮುಂದೆ, ಒಂದು ಸೇರು ಬೇಳೆಯ ಹೂರಣ ಅರೆದೆವು. ಗುರುಗಳು ಗದ್ವಾಲದಲ್ಲಿ ಮಾತ್ರ ಇದ್ದಾರೆಂದು ನಾನು ಎಂದೂ ತಿಳಿದವಳಲ್ಲ. ಹುಡುಗಿ ಹೊಸ್ತಿಲಿನ ಈಚೆ ಕೂತು, ತಂಗಿ ಹೇಳಿಕೊಟ್ಟ ಸ್ತೋತ್ರ ಹೇಳುತ್ತಿದ್ದಳು. ತಂಗಿ ಒಳಗಿನಿಂದ ಅವಳ ಉಚ್ಚಾರವನ್ನು ಬೈದು ಬೈದು ತಿದ್ದುತ್ತಿದ್ದಳು. ಹೊಸ್ತಿಲು ಎಲ್ಲಿತ್ತೋ ಅಲ್ಲಿಯೇ ಇದೆ. ಅಣ್ಣನಿಗೆ ಹೋಳಿಗೆ ಕಳಿಸಿದೆವು. ಡಬ್ಬಿ ಇನ್ನೂ ತಿರುಗಿ ಬಂದಿಲ್ಲ.

ಅದೆಲ್ಲ ಆಮೇಲಿನ ಮಾತು. ಕಚೇರಿಯಿಂದ ಬಂದ ಮರುದಿನ ಬೆಳಿಗ್ಗೆ ಹುಡುಗಿ ಎಂದಿನಂತೆ ತನ್ನ ಜಾಗದಲ್ಲಿ ಬಂದು ಕೂತಳು. ಹಿತ್ತಲಿನಾಚೆ ಮಗ್ಗ ಆಗಲೇ ಸುರುವಾಗಿತ್ತು.

"ಅಜ್ಜಿ, ಇವತ್ತೂ ಪಂಚಮಿಯೇ ಏನು?"

"ಪಂಚಮಿ ಸಾಕು," ಎಂದೆ. "ಇವತ್ತಿನಿಂದ ಷಷ್ಠಿ. ಅರ್ಥ ಬರಕೋ. ಷಷ್ಠಿ ಅಂದರೆ ಸಂಬಂಧ."